ಎರಿ ಹೊಲದ ಮಕ್ಕಳಿಗೆ ಕೃಷಿ ಪಾಠ

ಕೇಳುಗರೆಲ್ಲರಿಗೂ ನಮಸ್ಕಾರ.

ಎಂಟನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’ ಎಂಬ ಪಾಠವಿದೆ. ರಾಬಿ, ಅಂದರೆ ಹಿಂಗಾರಿ ಬೆಳೆಗಳಿಗೆ ಅಲ್ಲಿ ಕೊಟ್ಟ ಉದಾಹರಣೆಗಳು ಗೋಧಿ, ಕಡಲೆ, ಬಟಾಣಿ, ಸಾಸಿವೆ, ಅಗಸೆ. ಬಿ.ಎಡ್. ಇಂಟರ್ನ್‌ಶಿಪ್ಪಿಗೆಂದು ನಾನು ಹೋಗಿದ್ದ ಪ್ರೌಢಶಾಲೆ ಇರುವುದು ವಿಜಯಪುರ ಜಿಲ್ಲೆಯ ತಾಳಿಕೋಟೆ ಸೀಮೆಯಲ್ಲಿ, ಡೋಣಿ ನದಿ ಹರಿಯುವ ಎರಿ ನೆಲದ, ಅಂದರೆ ಕಪ್ಪು ಮಣ್ಣಿನ ನಡುವೆ. ‘ಡೋಣಿ ಹರಿದರ ಓಣೆಲ್ಲ ಜ್ವಾಳ’ ಎನ್ನುವ ನಾಡು ಅದು. ಪಟ್ಟಿ ಓದಿ ಮುಗಿಯುವುದರೊಳಗೆ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. “ಟೀಚರ್, ನಮ್ಮ ಬಿಳಿಜ್ವಾಳ ಎಲ್ಲೈತ್ರಿ ಇದರಾಗ?”

ಹುಡುಗ ಕೇಳಿದ್ದು ಸರಿಯಾಗಿಯೇ ಇತ್ತು. ಇಡೀ ದೇಶಕ್ಕೆ ಬರೆದ ಪುಸ್ತಕದಲ್ಲಿ ಪ್ರತಿ ಊರಿನ ಹೊಲವೂ ಇರಲಾರದು, ಅದು ನನಗೂ ಗೊತ್ತು. ಆದರೆ ಹಿಂಗಾರಿ ಎಂದರೆ ಜೋಳ ಎಂದೇ ತಿಳಿದು ಬೆಳೆದ ಮಗುವಿಗೆ ಆ ಉತ್ತರ ಸಾಲದು. ಹಾಗಾಗಿ ಪಾಠಯೋಜನೆಯ ಹಾಳೆಯನ್ನು ಮಡಚಿಟ್ಟು, ಜೋಳ ನಮ್ಮಲ್ಲಿ ಹಿಂಗಾರಿಗೇ ಯಾಕೆ ಬರುತ್ತದೆ ಎಂಬಲ್ಲಿಂದ ಪಾಠ ಸುರು ಮಾಡಿದೆ.

ಈ ಭಾಗದ ವರ್ಷದ ಮಳೆ ಸರಾಸರಿ 600 ಮಿಲಿಮೀಟರ್ ಆಸುಪಾಸು. ಬೇರೆಲ್ಲ ತಿಂಗಳಿಗಿಂತ ಹೆಚ್ಚು ಬೀಳುವುದು ಸೆಪ್ಟೆಂಬರಿನಲ್ಲಿ. ಮುಂಗಾರಿ ಮಳೆಯನ್ನು ನಂಬುವ ಹಾಗಿಲ್ಲ, ಬಿದ್ದರೂ ಎರಿ ಮಣ್ಣು ಕಾಲಿಗೆ ಅಂಟಿ ಹೊಲದೊಳಗೆ ಹೆಜ್ಜೆ ಇಡಗೊಡುವುದಿಲ್ಲ. ಅದಕ್ಕೇ ನಮ್ಮ ಹಿರಿಯರು ಮುಂಗಾರಿಯಲ್ಲಿ ಹೊಲ ಹರಗಿ ಹದ ಮಾಡಿಟ್ಟುಕೊಂಡು, ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನೊಳಗೆ ಬಿತ್ತುವ ಕೂರಿಗಿ ಹೂಡುತ್ತಾ ಬಂದರು. ಆಮೇಲೆ ಮಳೆ ಬಾರದಿದ್ದರೂ ಮಣ್ಣೊಳಗಿನ ಹಸಿಯನ್ನೇ ಕುಡಿದು ಜೋಳ ತೆನೆ ಹಿರಿಯುತ್ತದೆ. ಇಂದಿಗೂ ಇಲ್ಲಿ ಬಿತ್ತುವ ಎಂ 35-1 ತಳಿಯೂ ಇಂಥ ಒಣ ನೆಲದ್ದೇ. ನೆರೆಯ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ, ರೈತರ ಮಾಲದಂಡಿ ಜೋಳದಿಂದಲೇ ಆಯ್ದು ತೆಗೆದದ್ದು.

ಇಷ್ಟನ್ನು ಬಾಯಲ್ಲಿ ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಮರೆಯುತ್ತಾರೆ. ಕಣ್ಣಿಗೆ ಕಾಣಿಸಬೇಕಿತ್ತು. ಎರಡು ನೀರಿನ ಬಾಟಲಿಗಳ ತಳ ಕತ್ತರಿಸಿ, ಬಾಯಿಗೆ ಬಟ್ಟೆ ಕಟ್ಟಿ, ತಲೆಕೆಳಗಾಗಿ ನಿಲ್ಲಿಸಿದೆವು. ಒಂದಕ್ಕೆ ಎರಿ ಮಣ್ಣು, ಇನ್ನೊಂದಕ್ಕೆ ಮಡ್ಡಿಯ ಹರಳು ಬೆರೆತ ಗರಸು ಮಣ್ಣು. ಎರಡಕ್ಕೂ ಒಂದೇ ಅಳತೆಯ ನೀರು. ಗರಸಿನ ನೀರು ನೋಡನೋಡುತ್ತಲೇ ಕೆಳಗಿನ ಲೋಟಕ್ಕೆ ಇಳಿದುಬಿಟ್ಟಿತು. ಎರಿ ಮಣ್ಣು ಮಾತ್ರ ಹಿಡಿದುಕೊಂಡೇ ಕೂತಿತ್ತು. ಪಿರಿಯಡ್ ಮುಗಿದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. “ಇನ್ನೂ ಒಂದು ಹನಿ ಬೀಳ್ತೈತಿ ತಡಿ” ಎಂದು ನೆಲಕ್ಕೆ ಕೂತು ಬಾಟಲಿಯ ಬಾಯಿಯನ್ನೇ ನೋಡುತ್ತಿದ್ದರು.

ಮರುದಿನ ಆ ಎರಿ ಮಣ್ಣನ್ನು ತಟ್ಟೆಗೆ ಸುರುವಿ ಬಿಸಿಲಿಗಿಟ್ಟೆವು. ಒಣಗಿದಂತೆ ಬಿರುಕು ಬಿಟ್ಟಿತು. ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುವ ಜೇಡಿಯ ಕಣಗಳು ಅದರಲ್ಲಿ ಹೆಚ್ಚು ಎಂದು ವಿವರಿಸಿದೆ. “ಹಂಗಾರ ಬೆಳಿ ನಿಂತಾಗ ಎಡಿ ಹೊಡಿಯೋದು ಯಾಕ?” ಎಂದು, ಬೆಳೆಯ ಸಾಲುಗಳ ನಡುವೆ ಕುಂಟಿ ಎಳೆದು ಮಣ್ಣು ಸಡಿಲಿಸುವ ಕೆಲಸದ ಬಗ್ಗೆ ಕೇಳಿದೆ. ಗಣಿತದ ತಾಸಿನಲ್ಲಿ ತಲೆ ಎತ್ತದ ಹುಡುಗನೊಬ್ಬ ಎದ್ದು ನಿಂತು, “ಕಸ ಹೋಗಾಕ ಅಂತಾರ ಎಲ್ಲಾರೂ. ಕಸ ಇಲ್ಲದಿದ್ರೂ ನಮ್ಮಜ್ಜ ಹೊಡೀತಾನ್ರಿ. ಬಿರುಕು ಮುಚ್ಚಾಕ. ಇಲ್ಲಾಂದ್ರ ಹಸಿ ಹಾರಿ ಹೊಕ್ಕೈತಿ” ಎಂದ. ಒಣ ಬೇಸಾಯದ ವಿಜ್ಞಾನ ತೇವ ಸಂರಕ್ಷಣೆ ಎಂದು ಕಲಿಸುವುದು ಇದನ್ನೇ. ನಾನು ಮಾಡಿದ್ದು ಇಷ್ಟು: ಮೇಲಿನ ಮಣ್ಣು ಪುಡಿಯಾಗಿ ಹರಡಿಕೊಂಡರೆ ಕೆಳಗಿನ ನೀರು ಮೇಲೇರುವ ಸೂಕ್ಷ್ಮ ದಾರಿಗಳು ತುಂಡಾಗುತ್ತವೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದೆ. ಅಜ್ಜನ ಕೆಲಸಕ್ಕೆ ಕಾರಣ ಸಿಕ್ಕಿದಾಗ ಆ ಹುಡುಗನ ಮುಖ ನೋಡಬೇಕಿತ್ತು. ಅಲ್ಲಿಂದಾಚೆ ಗಣಿತದ ತಾಸಿನಲ್ಲೂ ಅವನ ಕೈ ಮೇಲೇಳತೊಡಗಿತು.

ಗಣಿತವನ್ನೂ ಹೊಲದ ಮೇಲೇ ಮಾಡಿದೆವು. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅದರ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅಷ್ಟೇ ಲೀಟರ್ ನೀರು. 25 ಮಿಲಿಮೀಟರಿನ ಒಂದು ಮಳೆಗೆ ಎಕರೆಗೆ ಒಂದು ಲಕ್ಷ ಲೀಟರ್ ದಾಟುತ್ತದೆ. ಉತ್ತರ ಬಂದಾಗ ಮಕ್ಕಳಿಗೆ ನಂಬಿಕೆಯಾಗಲಿಲ್ಲ, ಮತ್ತೊಮ್ಮೆ ಗುಣಿಸಿ ನೋಡಿದರು. ಆಮೇಲೆ ಒಡ್ಡು, ಚೌಕು ಮಡಿ, ಕೃಷಿ ಹೊಂಡ ಯಾಕೆ ಬೇಕು ಎಂದು ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಗೊಬ್ಬರದ ಪ್ರಯೋಗ ಪುಸ್ತಕದಲ್ಲೇ ಇದೆ. ಒಂದು ಲೋಟದಲ್ಲಿ ಸೆಗಣಿ ಗೊಬ್ಬರದ ಮಣ್ಣು, ಇನ್ನೊಂದರಲ್ಲಿ ಯೂರಿಯಾ ಬೆರೆತದ್ದು, ಮೂರನೆಯದರಲ್ಲಿ ಬರೀ ಮಣ್ಣು. ಮೂರರಲ್ಲೂ ಒಂದೇ ಥರದ ಸಸಿ. ಅದನ್ನೂ ಮಾಡಿದೆವು, ಚೆನ್ನಾಗಿಯೇ ಆಯಿತು.

ಬೀಜದ ವಿಷಯಕ್ಕೆ ಬಂದಾಗ ಹೆಣ್ಣುಮಕ್ಕಳು ಬಾಯಿಬಿಟ್ಟರು. ಅಲ್ಲಿಯವರೆಗೆ ರಂಟಿ, ಕುಂಟಿ, ಎತ್ತು ಎಂದು ಮಾತೆಲ್ಲ ಹುಡುಗರದೇ ಆಗಿತ್ತು. ಕೆಟ್ಟ ಬೀಜ ನೀರಲ್ಲಿ ತೇಲುತ್ತದೆ ಎಂಬ ಪ್ರಯೋಗ ಮಾಡುವಾಗ ಒಬ್ಬಳು, ತನ್ನ ತಾಯಿಯು ಬೀಜದ ಕಾಳನ್ನು ಚೆನ್ನಾಗಿ ಒಣಗಿಸಿ ಬೂದಿ ಬೆರೆಸಿ, ಬೇವಿನ ಎಲೆ ಹಾಕಿಡುವುದನ್ನು ಹೇಳಿದಳು. ಇನ್ನೊಬ್ಬಳು ತೊಗರಿಯ ಹುಳದ ಮಾತು ತೆಗೆದಳು. ಗಿಡದ ಬುಡಕ್ಕೆ ತಾಡಪತ್ರಿ ಹಾಸಿ, ಗಿಡ ಅಲುಗಾಡಿಸಿ ಹುಳ ಉದುರಿಸುತ್ತಾರಂತೆ. ಕಾಯಿಕೊರಕ ಹುಳಕ್ಕೆ ಕೃಷಿ ವಿಜ್ಞಾನಿಗಳೂ ಶಿಫಾರಸು ಮಾಡುವ ಕ್ರಮ ಅದು. ಕಳೆ ಕೀಳುವುದು, ಬೀಜ ಕಾಯುವುದು, ರಾಶಿಯಲ್ಲಿ ತೂರುವುದು, ಇಷ್ಟೆಲ್ಲ ಮಾಡುವ ಹೆಣ್ಣುಮಕ್ಕಳನ್ನು ರೈತರು ಎಂದು ಪಾಠದಲ್ಲಿ ನಾವು ಕರೆಯುವುದೇ ಅಪರೂಪ. ನನ್ನ ಬೋರ್ಡಿನ ಮೇಲೆ ‘ರೈತರು’ ಎಂದು ಬರೆದು ಅವರ ಕೆಲಸಗಳನ್ನೂ ಅದರಡಿ ಬರೆಸಿದೆ.

ಇನ್ನೊಂದು ಮಾತನ್ನು ಹೇಳಲೇಬೇಕು. ದೊಡ್ಡವರಾಗಿ ಏನಾಗುತ್ತೀರಿ ಎಂದು ಕೇಳಿದಾಗ ಪೊಲೀಸ್, ನರ್ಸ್, ಮಿಲಿಟರಿ, ಮಾಸ್ತರ ಎಂದರು. ರೈತ ಎಂದು ಒಬ್ಬರೂ ಅನ್ನಲಿಲ್ಲ. ಅವರನ್ನು ನಾನು ದೂರುವುದಿಲ್ಲ. ರೇಟು ಬಿದ್ದಾಗ ತಂದೆಯ ಮುಖ ಹೇಗಾಗುತ್ತದೆ ಎಂಬುದನ್ನು ಅವರು ಮನೆಯಲ್ಲೇ ಕಂಡವರು. ಕಬ್ಬು ಕಡಿಯಲು ಮನೆಮಂದಿಯೆಲ್ಲ ಹೊರಟರೆ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ವಾರಗಟ್ಟಲೆ ಗೈರು ಬೀಳುತ್ತದೆ. ಒಕ್ಕಲುತನ ಮಾಡಿರೆಂದು ಮಕ್ಕಳನ್ನು ಒತ್ತಾಯಿಸುವ ಹಕ್ಕು ಯಾವ ಟೀಚರಿಗೂ ಇಲ್ಲ. ಆದರೆ ತಂದೆತಾಯಿ ಮಾಡುವ ಕೆಲಸದೊಳಗೆ ಭೌತಶಾಸ್ತ್ರವಿದೆ, ರಸಾಯನಶಾಸ್ತ್ರವಿದೆ, ಲೆಕ್ಕವಿದೆ ಎಂದು ತೋರಿಸುವುದು ನಮ್ಮ ಜವಾಬ್ದಾರಿ. ಇದನ್ನು ಬಿಟ್ಟು ಪಾಠ ಮಾಡಿದರೆ, ನಿನ್ನ ಮನೆಯ ತಿಳಿವಳಿಕೆಗೆ ಶಾಲೆಯಲ್ಲಿ ಬೆಲೆಯಿಲ್ಲ ಎಂದು ನಾವೇ ಆ ಮಗುವಿಗೆ ಹೇಳಿಕೊಟ್ಟಂತಾಗುತ್ತದೆ.

ಇಂಟರ್ನ್‌ಶಿಪ್ಪಿಗೆ ಹೋಗುವ ನನ್ನ ಗೆಳೆಯ ಗೆಳತಿಯರಲ್ಲಿ ಒಂದು ಕೇಳಿಕೆ. ಈ ಪಾಠಕ್ಕೆ ಚಾರ್ಟು ಬರೆಯುವ ಮೊದಲು ಊರಿನ ಒಂದು ಹೊಲಕ್ಕೆ ಹೋಗಿ ಬನ್ನಿ, ಅಲ್ಲಿ ಬಿತ್ತಿದ್ದೇನು, ಯಾವಾಗ ಬಿತ್ತಿದರು ಎಂದು ಬರೆದುಕೊಳ್ಳಿ. ಮುಖ್ಯ ಗುರುಗಳೇ, ಹಿಂಗಾರಿ ಬಿತ್ತಿಗೆಯ ದಿನಗಳಲ್ಲಿ ಒಂದು ಪಿರಿಯಡನ್ನು ಶಾಲೆಯ ಮಗ್ಗುಲ ಹೊಲದಲ್ಲಿ ನಡೆಸಲು ಅವರಿಗೆ ಅನುಮತಿ ಕೊಡಿ. ಕೇಳುತ್ತಿರುವ ರೈತ ಬಾಂಧವರೇ, ಅಕ್ಕಂದಿರೇ, ಮಕ್ಕಳು ಬದುವಿನ ಮೇಲೆ ಬಂದು ನಿಂತರೆ ಅರ್ಧ ತಾಸು ಕೂರಿಗಿ ನಿಲ್ಲಿಸಿ ಅವರು ಕೇಳಿದ್ದಕ್ಕೆ ಉತ್ತರ ಹೇಳಿ. ಯಾಕೆ, ಹೇಗೆ ಎಂದು ಅವರು ಬಹಳ ಕೇಳುತ್ತಾರೆ. ಬೇಸರ ಮಾಡಿಕೊಳ್ಳಬೇಡಿ.

ನಮಸ್ಕಾರ.