ಹಂಡೆ ತುಂಬುವ ಹೊತ್ತಿಗೆ

ಎಲ್ಲರಿಗೂ ನಮಸ್ಕಾರ.

ಇವತ್ತು ಇಷ್ಟು ಜನ ಬರುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಧನತ್ರಯೋದಶಿ ಬೇರೆ. ಬರುವಾಗ ಪೇಟೆ ಬೀದಿಯಲ್ಲಿ ನೋಡಿದೆ, ಬಂಗಾರದ ಅಂಗಡಿ ಮುಂದೆ ಚಪ್ಪಲಿ ಬಿಡೋಕೂ ಜಾಗ ಇಲ್ಲ. ಅಲ್ಲಿ ನೂಕುನುಗ್ಗಲು ಅಂತ ಇಲ್ಲಿಗೆ ಬಂದು ಕೂತವರು ಇದ್ದರೆ, ನಿಮಗೂ ಸ್ವಾಗತ.

2016ರಿಂದ ಇದೇ ದಿನ ಬರುವ, ವೈದ್ಯದ ದೇವರು ಧನ್ವಂತರಿಯ ಜಯಂತಿಯನ್ನೇ ಸರ್ಕಾರ ಆಯುರ್ವೇದ ದಿನ ಅಂತ ಆಚರಿಸುತ್ತಿತ್ತು. ಪಂಚಾಂಗದ ದಿನ ವರ್ಷ ವರ್ಷ ಹಿಂದೆ ಮುಂದೆ ಆಗುತ್ತದೆ ಅಂತ 2025ರಿಂದ ಸೆಪ್ಟೆಂಬರ್ 23ಕ್ಕೆ ಗಟ್ಟಿ ಮಾಡಿದರು. ಸರ್ಕಾರ ದಿನ ಬದಲಾಯಿಸಿತು, ನಮ್ಮ ಸಂಘದವರು ಬದಲಾಯಿಸಲಿಲ್ಲ. ಒಳ್ಳೆಯದೇ ಆಯಿತು. ನನಗೆ ಹೇಳಬೇಕಾದ ಮಾತಿಗೆ ಇವತ್ತಿನ ದಿನವೇ ಬೇಕಿತ್ತು.

ವಿಷಯ ಏನು ಕೊಟ್ಟಿದ್ದಾರೆ ಗೊತ್ತಲ್ಲ. ಆಯುರ್ವೇದದಲ್ಲಿ ಅಧ್ಯಾತ್ಮ, ಕೃತಜ್ಞತೆ, ಸಮೃದ್ಧಿ. ನಾನು ಚೀಟಿಯಲ್ಲಿ ಐದು ಅಂಶ ಬರೆದುಕೊಂಡು ಬಂದಿದ್ದೇನೆ. ಮನೆಯಲ್ಲಿ ಅದನ್ನು ನೋಡಿ, ‘ಎರಡು ಮುಗಿಸಿದರೆ ಹೆಚ್ಚು’ ಅಂದಳು ನಮ್ಮಾಕೆ. ನೋಡೋಣ.

ನಮ್ಮ ಕಡೆ ಈ ಧನತ್ರಯೋದಶಿ ಅನ್ನುವ ಹೆಸರೇ ಹೊಸದು, ಅಲ್ವಾ? ನಾನು ಚಿಕ್ಕವನಿದ್ದಾಗ ಇದು ನೀರು ತುಂಬುವ ಹಬ್ಬ. ಮಧ್ಯಾಹ್ನದಿಂದಲೇ ಬಚ್ಚಲುಮನೆಯಲ್ಲಿ ಗಲಾಟೆ. ತಾಮ್ರದ ಹಂಡೆಗೆ ವರ್ಷದ ಮಸಿ ಹಿಡಿದಿರುತ್ತಿತ್ತು. ಅಜ್ಜಿ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ, ಕೊನೆಗೆ ಅದರಲ್ಲಿ ನಮ್ಮ ಮುಖ ಕಾಣಬೇಕು. ಆಮೇಲೆ ಸುಣ್ಣದ ಗೆರೆ, ಕೆಮ್ಮಣ್ಣಿನ ಗೆರೆ. ಹಂಡೆಯ ಕೊರಳಿಗೆ ಹಿಂಡಲಕಾಯಿ ಬಳ್ಳಿ. ಬಾವಿಯಿಂದ ಸೇದಿ ತಂದ ಹೊಸ ನೀರು. ತುಂಬಿದ ಮೇಲೆ ಅದಕ್ಕೆ ಅರಿಶಿನ ಕುಂಕುಮ, ಒಂದು ದೀಪ. ಬಂಗಾರದ ಸುದ್ದಿಯೇ ಇಲ್ಲ. ನೀರಿಗೆ ಕೈಮುಗಿಯುವ ಹಬ್ಬ ಇದು. ಮಾರನೇ ದಿನ ಬೆಳಗಿನ ಜಾವ ಎಣ್ಣೆ ಸ್ನಾನ. ತಲೆ, ಕಿವಿ, ಪಾದಕ್ಕೆ ವಿಶೇಷವಾಗಿ ಎಣ್ಣೆ ಹಚ್ಚು ಅಂತ ಆಯುರ್ವೇದದ ಹಳೇ ಆಚಾರ್ಯ ವಾಗ್ಭಟ ತನ್ನ ಅಷ್ಟಾಂಗ ಹೃದಯ ಗ್ರಂಥದಲ್ಲಿ ಬರೆದಿದ್ದಾನೆ. ಅಜ್ಜಿ ಅದನ್ನು ಓದಿರಲಿಲ್ಲ. ಆದರೆ ಕಿವಿ ಹಿಡಿದು ಎಣ್ಣೆ ಹಾಕುವಾಗ ಒಂದು ಹನಿಯೂ ಕಡಿಮೆ ಮಾಡುತ್ತಿರಲಿಲ್ಲ.

ಈಗ ಚೀಟಿಗೆ ಬರುತ್ತೇನೆ.

ಹೋದ ವರ್ಷ ಒಬ್ಬರು ಸ್ನೇಹಿತರು ಒತ್ತಾಯ ಮಾಡಿ ನನ್ನನ್ನು ಬೆಂಗಳೂರಿನ ಒಂದು ಶಿಬಿರಕ್ಕೆ ಕರೆದುಕೊಂಡು ಹೋದರು. ಅಬಂಡನ್ಸ್ ವರ್ಕ್‌ಶಾಪ್, ಅಂದರೆ ಸಮೃದ್ಧಿ ಕಲಿಸುವ ಶಿಬಿರ. ಆಯುರ್ವೇದದ ಹೆಸರೂ ಅದರಲ್ಲಿ ಸೇರಿತ್ತು. ಫೀಸು ಎಷ್ಟು ಅಂತ ಹೇಳಲ್ಲ, ಮನೆಯಲ್ಲೂ ಹೇಳಿಲ್ಲ. ಬಾಗಿಲಲ್ಲೇ ಒಂದು ಚಂದದ ನೋಟ್‌ಬುಕ್ ಕೊಟ್ಟರು. ದಿನಾ ರಾತ್ರಿ ಐದು ವಿಷಯಕ್ಕೆ ಥ್ಯಾಂಕ್ಸ್ ಬರೆಯಬೇಕು. ಬರೆದರೆ ಸಂಪತ್ತು ಹುಡುಕಿಕೊಂಡು ಬರುತ್ತದೆ. ಊಟದ ಹೊತ್ತಿಗೆ ನೋಡಿದರೆ, ಬೆಳಗ್ಗೆ ಅನ್ನಕ್ಕೆ ಥ್ಯಾಂಕ್ಸ್ ಬರೆದವರ ತಟ್ಟೆಯಲ್ಲೇ ಅರ್ಧ ಅನ್ನ ಉಳಿದಿತ್ತು. ತಟ್ಟೆ ಎತ್ತುವ ಹುಡುಗನ ಮುಖವನ್ನು ಯಾರೂ ನೋಡಲಿಲ್ಲ. ನನಗೆ ಅಲ್ಲಿ ಹೊಟ್ಟೆ ಉರಿಯಿತು. ಇವತ್ತಿನ ಈ ಉಪನ್ಯಾಸ ಆ ಉರಿಯಿಂದ ಹುಟ್ಟಿದ್ದು ಅಂತ ಇಟ್ಟುಕೊಳ್ಳಿ.

ಹಾಗಂತ ದುಡ್ಡು ಕೆಟ್ಟದ್ದು, ವೈರಾಗ್ಯ ಒಳ್ಳೆಯದು ಅಂತ ನಾನು ಹೇಳಲ್ಲ. ಆಯುರ್ವೇದದ ಮೂಲಗ್ರಂಥ ಚರಕ ಸಂಹಿತೆಯ ಚರಕನೂ ಹೇಳಲ್ಲ. ಅದರ ಮೊದಲ ಭಾಗ ಸೂತ್ರಸ್ಥಾನ, ಅಲ್ಲಿ ಹನ್ನೊಂದನೇ ಅಧ್ಯಾಯ ನೋಡಿ. ಮನುಷ್ಯನಿಗೆ ಮೂರು ಆಸೆ ಇರಬೇಕು ಅನ್ನುತ್ತಾನೆ. ಪ್ರಾಣೈಷಣೆ, ಧನೈಷಣೆ, ಪರಲೋಕೈಷಣೆ. ಅನುಕ್ರಮ ಗಮನಿಸಿ. ಮೊದಲು ಜೀವ, ಆಮೇಲೆ ದುಡ್ಡು, ಪರಲೋಕ ಮೂರನೆಯದು. ದುಡ್ಡು ಯಾಕೆ ಬೇಕು ಅಂದರೆ ಒಂದು ಮಾತು ಹೇಳುತ್ತಾನೆ, ಕೇಳಿದರೆ ಬೆಚ್ಚಿ ಬೀಳುತ್ತೀರಿ. ‘ನ ಹ್ಯತಃ ಪಾಪಾತ್ ಪಾಪೀಯೋಽಸ್ತಿ ಯದನುಪಕರಣಸ್ಯ ದೀರ್ಘಮಾಯುಃ.’ ಕೈಯಲ್ಲಿ ಏನೂ ಇಲ್ಲದವನಿಗೆ ದೀರ್ಘಾಯುಷ್ಯ ಬಂದರೆ ಅದಕ್ಕಿಂತ ದೊಡ್ಡ ಪಾಪ ಇನ್ನೊಂದಿಲ್ಲ. ವಯಸ್ಸಾದ ಅಪ್ಪ ಅಮ್ಮ ಔಷಧಿ ಚೀಟಿ ಹಿಡಿದು ಮಗನ ಮುಖ ನೋಡುವುದನ್ನು ನೀವು ಕಂಡಿದ್ದರೆ ಈ ಸಾಲಿಗೆ ವ್ಯಾಖ್ಯಾನ ಬೇಡ. ಸಂಪಾದನೆಗೆ ದಾರಿಯನ್ನೂ ಅವನೇ ಹೇಳಿದ್ದಾನೆ. ಕೃಷಿ, ಪಶುಪಾಲನೆ, ವ್ಯಾಪಾರ, ರಾಜಸೇವೆ. ರಾಜಸೇವೆ ಅಂದರೆ ನಮ್ಮ ಸರ್ಕಾರಿ ನೌಕರಿ. ಪಿಂಚಣಿ ವಿಚಾರ ಮಾತ್ರ ಹೇಳಿಲ್ಲ.

ಅವನು ಬಳಸುವ ಪದ ಉಪಕರಣ. ರಾಶಿ ಅಲ್ಲ, ನಿಧಿ ಅಲ್ಲ. ಬೇಕಾದದ್ದು ಬೇಕಾದಾಗ ಕೈಗೆ ಸಿಗುವಂತೆ ಇರುವುದು. ಹಂಡೆಯಲ್ಲಿ ನೀರು ಇದ್ದ ಹಾಗೆ. ಹಂಡೆ ತುಂಬಿದ ಮೇಲೆ ಇನ್ನೂ ಸುರಿದರೆ ಅದು ಬಚ್ಚಲ ಗುಂಡಿಗೆ ಹೋಗುತ್ತದೆ, ಅಷ್ಟೆ.

ಇನ್ನು ಕೃತಜ್ಞತೆ. ಇಲ್ಲಿ ನನ್ನ ಒಂದು ಹಳೇ ಕಥೆ ಹೇಳಲೇಬೇಕು. ಕೇಳಿದವರು ಸ್ವಲ್ಪ ಸಹಿಸಿಕೊಳ್ಳಿ, ಮುಂದಿನ ಸಾಲಿನಲ್ಲಿ ಇಬ್ಬರು ಈಗಲೇ ನಗುತ್ತಿದ್ದಾರೆ.

ನಾನು ಆಯುರ್ವೇದ ಕಾಲೇಜು ಮುಗಿಸಿ ಊರಿಗೆ ಬಂದ ಹೊಸದು. ಬೋರ್ಡಿನ ಬಣ್ಣ ಇನ್ನೂ ಒಣಗಿರಲಿಲ್ಲ. ನಮ್ಮೂರಿಂದ ಮೂರು ಮೈಲಿ ದೂರದಲ್ಲಿ ಒಬ್ಬ ಅಜ್ಜಿ ಕಾಮಾಲೆಗೆ ನಾಟಿ ಮದ್ದು ಕೊಡುತ್ತಿದ್ದಳು. ನನ್ನ ಹತ್ತಿರ ಬರಬೇಕಾದವರೆಲ್ಲ ಅಲ್ಲಿಗೆ ಹೋಗುತ್ತಿದ್ದರು. ನಿಜ ಹೇಳಬೇಕಂದರೆ ಹೊಟ್ಟೆಕಿಚ್ಚು. ಏನು ಕೊಡುತ್ತಾಳೆ ನೋಡಿಯೇ ಬಿಡೋಣ ಅಂತ ಒಂದು ದಿನ ಹೋದೆ. ‘ಅಜ್ಜೀ, ನಾನು ಡಾಕ್ಟರು, ಕಲಿಯೋಕೆ ಬಂದೆ’ ಅಂದೆ. ‘ಡಾಕ್ಟ್ರಾದ್ಮೇಲೆ ಕಲಿಯೋದಾ? ಬಾ ಮಗಾ’ ಅಂದಳು.

ಮಳೆಗಾಲ. ತೋಟದ ಅಂಚಿನಲ್ಲಿ ನೆಲನೆಲ್ಲಿ ಚೆನ್ನಾಗಿ ಬಂದಿತ್ತು. ‘ಕಿತ್ಕೊಂಡು ಬಾ’ ಅಂದಳು. ನಾನು ಹುಮ್ಮಸ್ಸಿನಲ್ಲಿ ಅಷ್ಟೂ ಬೇರುಸಮೇತ ಕಿತ್ತೆ. ಒಂದು ಹಿಡಿ ಸಾಕಿತ್ತು, ನಾನು ಒಂದು ಬುಟ್ಟಿ ತಂದೆ. ಶಭಾಷ್ ಅನ್ನುತ್ತಾಳೆ ಅಂದುಕೊಂಡಿದ್ದೆ. ಅಜ್ಜಿ ಬುಟ್ಟಿ ನೋಡಿದಳು, ಖಾಲಿ ಅಂಚು ನೋಡಿದಳು, ಆಮೇಲೆ ನನ್ನ ಕೈಮೇಲೆ ಪಟ್ ಅಂತ ಒಂದು ಏಟು. ‘ಬೀಜಕ್ಕೆ ಬಿಡ್ಲಿಲ್ವಾ? ಮುಂದಿನ ವರ್ಷ ಬಂದೋರಿಗೆ ಏನ್ ಕೊಡ್ತೀಯ, ನಿನ್ ಸರ್ಟಿಫಿಕೇಟಾ?’

ಆಮೇಲೆ ನನ್ನನ್ನು ತೋಟದ ಇನ್ನೊಂದು ತುದಿಗೆ ಕರೆದುಕೊಂಡು ಹೋದಳು. ಒಂದು ಗಿಡದ ಮುಂದೆ ಕೂತಳು. ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಾಯಿ ತೊಳೆದುಕೊಂಡಳು. ಸೆರಗು ಸರಿ ಮಾಡಿಕೊಂಡಳು. ‘ತಾಯೀ, ಒಂದು ಜೀವ ಉಳಿಸ್ಬೇಕು, ತಗೊಳ್ತೀನಿ’ ಅಂದಳು. ಪಕ್ಕದ ಮನೆಯಲ್ಲಿ ಹೆಪ್ಪಿಗೆ ಮಜ್ಜಿಗೆ ಕೇಳುವ ದನಿ, ಅಷ್ಟೆ. ನಾಲ್ಕರಲ್ಲಿ ಒಂದು ಗಿಡ ಕಿತ್ತಳು. ಕಿತ್ತ ಜಾಗದ ಮಣ್ಣನ್ನು ಬೆರಳಲ್ಲಿ ಮುಚ್ಚಿದಳು. ಆ ಬೆರಳು ಇವತ್ತಿಗೂ ನನ್ನ ಕಣ್ಣಮುಂದೆ ಇದೆ.

ನಾನು ಒಳಗೊಳಗೇ ನಕ್ಕಿದ್ದೆ. ಮೂಢನಂಬಿಕೆ ಅಂತ. ಎಷ್ಟೋ ವರ್ಷದ ಮೇಲೆ ಚರಕ ಸಂಹಿತೆಯ ಕಲ್ಪಸ್ಥಾನ ಭಾಗ ಮತ್ತೆ ತೆಗೆದಾಗ ನಾಚಿಕೆ ಆಯಿತು. ಗಿಡಮೂಲಿಕೆ ತರುವವನು ಶುಚಿಯಾಗಿ, ಬಿಳಿ ಬಟ್ಟೆ ಉಟ್ಟು, ಉಪವಾಸ ಇದ್ದು, ದೇವತೆಗಳನ್ನೂ ದೇವವೈದ್ಯರಾದ ಅಶ್ವಿನಿಗಳನ್ನೂ ಪೂಜಿಸಿ, ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ತೆಗೆದುಕೊಳ್ಳಬೇಕು ಅಂತ ಅಲ್ಲಿದೆ. ಪರೀಕ್ಷೆಗೆ ಉರು ಹೊಡೆದು ಬರೆದಿದ್ದೆ, ಮಾರ್ಕೂ ಬಂದಿತ್ತು. ಅಜ್ಜಿ ಅದನ್ನು ಮಾಡುತ್ತಿದ್ದಳು.

ದುಡ್ಡು ಮುಟ್ಟುತ್ತಿರಲಿಲ್ಲ ಆಕೆ. ಒಂದು ತೆಂಗಿನಕಾಯಿ, ಎರಡು ವೀಳ್ಯದೆಲೆ, ಒಂದಡಿಕೆ. ವಾಸಿಯಾದವರು ಅಕ್ಕಿ ತಂದರೆ ತೆಗೆದುಕೊಳ್ಳುತ್ತಿದ್ದಳು, ಸಂಜೆಯೊಳಗೆ ಅದು ಯಾರದೋ ಮನೆ ಸೇರುತ್ತಿತ್ತು. ಇನ್ನೊಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾಳೆ ಎಲ್ಲರೂ ಕಾಮಾಲೆಗೆ ಗಿಡ ಹುಡುಕುತ್ತೀರಿ. ರೋಗಿಗೆ ಜ್ವರ ಏರಿದರೆ, ಮಾತು ತೊದಲಿದರೆ, ಅಜ್ಜಿಯೇ ‘ನನ್ ಕೈಯಲ್ಲಿಲ್ಲ, ಆಸ್ಪತ್ರೆಗೆ ಓಡಿ’ ಅನ್ನುತ್ತಿದ್ದಳು. ಎಲ್ಲಿ ಕೈಬಿಡಬೇಕು ಅನ್ನುವುದೂ ಆಕೆಗೆ ಗೊತ್ತಿತ್ತು.

ನಾನು ಹೇಳುವುದು ಇಷ್ಟೇ, ಶಿಬಿರದಿಂದ ಬಂದಾಗಿನಿಂದ ಇದನ್ನೇ ಹೇಳುತ್ತಿದ್ದೇನೆ. ನಮ್ಮಲ್ಲಿ ಕೃತಜ್ಞತೆ ಮನಸ್ಸಿನ ಕೆಲಸ ಅಲ್ಲ, ಕೈಯ ಕೆಲಸ. ಯೋಚನೆ ಮಾಡಿ. ಅಮ್ಮ ರೊಟ್ಟಿ ಹಾಕಿದರೆ ಥ್ಯಾಂಕ್ಸ್ ಅನ್ನುತ್ತೇವಾ? ಅಂದರೆ ‘ಏನಾಯ್ತೋ ನಿನಗೆ’ ಅಂತ ಹಣೆ ಮುಟ್ಟಿ ನೋಡುತ್ತಾಳೆ. ಧನ್ಯವಾದ ಅನ್ನುವ ಪದ ಸಭೆಯಲ್ಲಿ ವಂದನಾರ್ಪಣೆಗೆ. ಮನೆಯ ಪದ ಋಣ. ಉಪ್ಪಿನ ಋಣ, ಮಣ್ಣಿನ ಋಣ. ಉಂಡ ಮನೆಗೆ ಎರಡು ಬಗೆಯಬೇಡ ಅನ್ನುತ್ತೇವೆ. ಋಣವನ್ನು ಬರೆದಿಡುವುದಿಲ್ಲ, ತೀರಿಸುತ್ತೇವೆ.

ಚರಕ ಇನ್ನೂ ಖಡಕ್ಕಾಗಿ ಹೇಳುತ್ತಾನೆ. ಚಿಕಿತ್ಸೆ ಪಡೆದವನು, ಮೊದಲೇ ಮಾತು ಕೊಟ್ಟಿರಲಿ ಬಿಡಲಿ, ವೈದ್ಯನಿಗೆ ತಿರುಗಿ ಉಪಕಾರ ಮಾಡದಿದ್ದರೆ ಅವನಿಗೆ ಪರಿಹಾರವೇ ಇಲ್ಲ. ನಮ್ಮ ವೈದ್ಯ ಮಿತ್ರರು ಇಲ್ಲಿ ಜೋರಾಗಿ ತಲೆ ಆಡಿಸುತ್ತಿದ್ದೀರಿ. ತಡೆಯಿರಿ, ಮುಂದಿನ ಸಾಲು ನಿಮಗೆ. ವೈದ್ಯ ಎಲ್ಲ ರೋಗಿಗಳನ್ನೂ ತನ್ನ ಮಕ್ಕಳಂತೆ ಕಾಪಾಡಬೇಕು. ಹೊಟ್ಟೆಪಾಡಿಗೆ ಚಿಕಿತ್ಸೆಯನ್ನು ಸರಕಿನ ಹಾಗೆ ಮಾರುವವರು ಬಂಗಾರದ ರಾಶಿ ಬಿಟ್ಟು ದೂಳಿನ ರಾಶಿಗೆ ಪೂಜೆ ಮಾಡುತ್ತಾರೆ. ಧನತ್ರಯೋದಶಿಯ ದಿನ ಈ ಸಾಲು ಬರಲೇಬೇಕಿತ್ತು, ಬಂತು. ಸಾಲದ ಲೆಕ್ಕ ಎರಡೂ ಕಡೆ ಇದೆ. ನೋಟ್‌ಬುಕ್ಕಿನಲ್ಲಿ ಒಂದೇ ಕಡೆ.

ವೈದ್ಯ ದೂರ ಇಡಬೇಕಾದ ರೋಗಿಗಳ ಪಟ್ಟಿಯನ್ನು ವಾಗ್ಭಟ ಕೊಟ್ಟಿದ್ದಾನೆ. ಅದರ ಕೊನೆಯಲ್ಲಿ ಇಬ್ಬರು ಅಕ್ಕಪಕ್ಕ ಕೂತಿದ್ದಾರೆ. ಕೃತಘ್ನ ಮತ್ತು ವೈದ್ಯಮಾನಿ. ವೈದ್ಯಮಾನಿ ಅಂದರೆ ತಾನೇ ವೈದ್ಯ ಅಂದುಕೊಂಡವನು. ಆಗ ಗೂಗಲ್ ಇರಲಿಲ್ಲ, ಆದರೂ ಇವನು ಇದ್ದ. ಇವತ್ತು ಬೆಳಗ್ಗೆಯೂ ಒಬ್ಬರು ಬಂದಿದ್ದರು. ಮೊಬೈಲ್ ತೋರಿಸಿ, ‘ಡಾಕ್ಟ್ರೇ, ನನಗೆ ಪಿತ್ತ ಅಲ್ಲ, ವಾತ’ ಅಂದರು. ‘ಹಾಗಾದರೆ ಫೀಸು ಮೊಬೈಲಿಗೇ ಕೊಡಿ’ ಅಂದೆ. ಪಾಪ, ನಕ್ಕರು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ‘ಹತ್ತು ನಿಮಿಷ.’ ನಮ್ಮಾಕೆ ಹೇಳಿದ್ದು ಸರಿಯಾಯಿತು. ಮೂರು ಅಂಶ ಉಳಿದಿವೆ, ಓಡಿಸುತ್ತೇನೆ.

ಮೂರನೆಯದು ಆಚಾರ ರಸಾಯನ. ರಸಾಯನ ಅಂದರೆ ಮುಪ್ಪನ್ನು ದೂರ ಇಡುವ ಔಷಧ, ಇದು ನಡತೆಯ ರಸಾಯನ. ಇದು ಲೇಹ್ಯ ಅಲ್ಲ, ಅಂಗಡಿಯಲ್ಲಿ ಸಿಗಲ್ಲ. ಸತ್ಯ ಹೇಳುವವನು, ಸಿಟ್ಟು ಮಾಡದವನು, ಸಿಹಿಯಾಗಿ ಮಾತಾಡುವವನು, ದಿನಾ ದಾನ ಮಾಡುವವನು, ಹೊತ್ತಿಗೆ ಸರಿಯಾಗಿ ಮಲಗಿ ಏಳುವವನು, ಹಿರಿಯರ ಸೇವೆ ಮಾಡುವವನು. ಇಂಥವನಿಗೆ ರಸಾಯನ ತಿನ್ನದೇ ಅದರ ಫಲ ಸಿಗುತ್ತದೆ ಅಂತ ಚರಕ. ಇದೇ ಪಟ್ಟಿಯಲ್ಲಿ ದಿನಾ ಹಾಲು ತುಪ್ಪ ತಿನ್ನುವವನು ಅಂತಲೂ ಇದೆ. ನನ್ನ ರೋಗಿಗಳಿಗೆ ಆ ಒಂದು ಮಾತ್ರ ನೆನಪಿರುತ್ತದೆ. ದಾನವನ್ನು ಅವನು ಪುಣ್ಯದ ಪುಸ್ತಕಕ್ಕೆ ಹಾಕದೆ ಔಷಧದ ಪುಸ್ತಕಕ್ಕೆ ಹಾಕಿದ್ದು ನನಗೆ ಬಹಳ ಇಷ್ಟ. ಮತ್ತೆ ಕೈಯ ಕೆಲಸಕ್ಕೇ ಬಂದೆ, ನೋಡಿ.

ನಾಲ್ಕನೆಯದು ವಾಗ್ಭಟನ ಎರಡು ಪದ. ‘ನೈಕಃ ಸುಖೀ.’ ಒಬ್ಬನೇ ಸುಖವಾಗಿರಬೇಡ. ದಿನಚರಿ ಅಧ್ಯಾಯದಲ್ಲಿದೆ. ಹಲ್ಲುಜ್ಜುವುದು, ಎಣ್ಣೆ, ವ್ಯಾಯಾಮ, ಸ್ನಾನ ಎಲ್ಲ ಹೇಳುತ್ತಾ ಇದನ್ನೂ ಹೇಳುತ್ತಾನೆ. ಹೊಟ್ಟೆಪಾಡಿಲ್ಲದವರು, ಕಾಯಿಲೆಯವರು, ದುಃಖದಲ್ಲಿರುವವರು, ಇವರಿಗೆ ಕೈಲಾದಷ್ಟು ನೆರವಾಗು. ಹುಳ, ಇರುವೆಯನ್ನೂ ನಿನ್ನ ಹಾಗೇ ನೋಡು. ಹಲ್ಲುಜ್ಜಿದಷ್ಟೇ ಸಹಜವಾಗಿ. ಇದಕ್ಕೆ ಇನ್ನೊಂದು ಕಥೆ ಇತ್ತು, ಬಿಡಿ.

ಐದನೆಯದು ನೆಲ್ಲಿಕಾಯಿ. ಇದನ್ನು ಬಿಡಲಾರೆ, ಚೀಲ ಹೊತ್ತು ತಂದಿದ್ದೇನೆ. ಚರಕ ಹೇಳುವ ಒಂದು ರಸಾಯನ ಹೀಗಿದೆ. ಒಂದು ವರ್ಷ ಹಸುಗಳ ನಡುವೆ ಇದ್ದು, ಹಾಲು ಮಾತ್ರ ಕುಡಿದು, ಗಾಯತ್ರಿಯನ್ನು ಮನಸ್ಸಿನಲ್ಲಿ ಧ್ಯಾನಿಸಬೇಕು. ಆಮೇಲೆ ಪುಷ್ಯ, ಮಾಘ ಅಥವಾ ಫಾಲ್ಗುಣದಲ್ಲಿ ಮೂರು ದಿನ ಉಪವಾಸ ಇದ್ದು ನೆಲ್ಲಿಯ ವನಕ್ಕೆ ಹೋಗಬೇಕು. ದೊಡ್ಡ ಹಣ್ಣಿರುವ ಮರ ಹತ್ತಿ, ಕೊಂಬೆಯಲ್ಲಿದ್ದ ಹಾಗೇ ಹಣ್ಣನ್ನು ಕೈಯಲ್ಲಿ ಹಿಡಿದು, ಅದರೊಳಗೆ ಅಮೃತ ಬರುವ ತನಕ ಜಪ ಮಾಡುತ್ತಾ ಕಾಯಬೇಕು. ಆಮೇಲೆ ತಿನ್ನಬೇಕು. ಎಷ್ಟು ತಿಂದರೆ ಅಷ್ಟು ಸಾವಿರ ವರ್ಷ ಆಯುಸ್ಸು. ಶ್ರೀ ಅಂದರೆ ಲಕ್ಷ್ಮಿ ತಾನಾಗಿಯೇ ಬಂದು ನಿಲ್ಲುತ್ತಾಳೆ.

ಸಾವಿರ ವರ್ಷದವರನ್ನು 32 ವರ್ಷದ ಪ್ರಾಕ್ಟೀಸಿನಲ್ಲಿ ನಾನು ನೋಡಿಲ್ಲ. ಬಿ.ಪಿ. ಮಾತ್ರೆ ಬಿಟ್ಟು ಯಾರೂ ಮರ ಹತ್ತಬೇಡಿ, ಬಿದ್ದರೆ ಮೂಳೆಗೆ ನನ್ನ ಹತ್ತಿರವೇ ಬರುತ್ತೀರಿ. ನನಗೆ ಬೇಕಾದದ್ದು ಆ ಕೈ. ಹಣ್ಣು ಕೈಗೆ ಸಿಕ್ಕಿದೆ, ಮೂರು ದಿನದ ಹಸಿವು ಇದೆ, ಆದರೂ ಕೀಳುವುದಿಲ್ಲ, ಕಾಯುತ್ತಾನೆ. ನಾನಾಗಿದ್ದರೆ ಬುಟ್ಟಿ ತುಂಬುತ್ತಿದ್ದೆ.

ಎರಡನೇ ಚೀಟಿ ಬಂತು. ಜೇಬಿನಲ್ಲಿ ಫೋನೂ ಮೂರು ಸಲ ನಡುಗಿತು. ಹಂಡೆ ತಿಕ್ಕಿ ಆಗಿದೆಯಂತೆ, ನೀರು ಹೊರುವವನು ನಾನೇ. ನೆಲ್ಲಿಕಾಯಿ ಚೀಲ ಬಾಗಿಲ ಹತ್ತಿರ ಇದೆ. ಇನ್ನೂ ಎಳೆಕಾಯಿ, ಒಗರು ಜಾಸ್ತಿ. ಪುಷ್ಯದ ತನಕ ಕಾಯುವ ತಾಳ್ಮೆ ಸಂಘದವರಿಗೆ ಇರಲಿಲ್ಲ. ಒಬ್ಬರಿಗೆ ಎರಡು. ಹಿಂದಿನ ಸಾಲಿನವರು ಕೊನೆಗೆ ಹೊರಡುವವರು, ಅವರಿಗೂ ಉಳಿಯಬೇಕು. ಕಾಫಿ ಹಿಂದುಗಡೆ ಇದೆ. ಲೋಟ ತೊಳೆಯುವ ಹುಡುಗ ಊಟ ಮಾಡಿದನಾ ಅಂತ ಯಾರಾದರೂ ಸ್ವಲ್ಪ ಕೇಳಿ.

ನಮಸ್ಕಾರ.