ಮುನ್ನೂರೆಂಟೋ, ಸೆವೆನ್ ಎಂಎಂ-ನಾಟ್‌ಎಯ್ಟೋ? ಹಗುರ ಕೋವಿಗೆ ತೋಟಾ ಆರಿಸಿದ ದಿನ

ಎಲ್ಲರಿಗೂ ನಮಸ್ಕಾರ. ಗಾಳಿ ಸದ್ದು ಜಾಸ್ತಿ ಇದೆ, ಸ್ವಲ್ಪ ಸಹಿಸಿಕೊಳ್ಳಿ. ಕೊಲೊರಾಡೊದ ಸೆಪ್ಟೆಂಬರ್ ಇದು. ಬೆಳಿಗ್ಗೆ ಜಾಕೆಟ್ ಬೇಕು, ಹನ್ನೊಂದಕ್ಕೆಲ್ಲ ಬೆವರು.

ಶೂಟಿಂಗ್ ರೇಂಜಿನ ಬೆಂಚಿನ ಮೇಲೆ ಎರಡು ಕೋವಿ ಕಾಣುತ್ತಿವೆ ಅಲ್ವಾ? ಎರಡೂ ಒಂದೇ ಮಾದರಿ. ಸ್ಕೋಪ್ ಸೇರಿ ಆರೂವರೆ ಪೌಂಡ್, ಮೂರು ಕೆಜಿಯೂ ಇಲ್ಲ. ಕಪ್ಪು ಹಿಡಿಯದ್ದು ನನ್ನ ಗೆಳೆಯನದು, .308 ವಿಂಚೆಸ್ಟರ್. ಬೂದು ಹಿಡಿಯದ್ದು ಅವನ ಹೆಂಡತಿಯದು, 7ಎಂಎಂ-08 ರೆಮಿಂಗ್ಟನ್. ಇಲ್ಲಿ ಜಿಂಕೆ ಟ್ಯಾಗ್, ಅಂದರೆ ಬೇಟೆಯ ಪರವಾನಗಿ, ಲಾಟರಿಯಲ್ಲೇ ಸಿಗಬೇಕು. ಈ ವರ್ಷ ಗೆಳೆಯನ ಹೆಂಡತಿಗೆ ಸಿಗಲಿಲ್ಲ. ಹಾಗಾಗಿ ಅವರ ಕೋವಿ ಇವತ್ತು ನನ್ನ ಕೈಯಲ್ಲಿ. ನಾಳೆ ನಾನು ನನ್ನದೇ ಒಂದು ಕೊಳ್ಳಬೇಕು. ಯಾವ ತೋಟಾದ್ದು ಅನ್ನುವುದಷ್ಟೇ ಉಳಿದಿರುವ ಪ್ರಶ್ನೆ.

ಮನೆಯಿಂದ ಹೊರಟಾಗ ಮುನ್ನೂರೆಂಟೇ ಅಂತ ತೀರ್ಮಾನ ಮಾಡಿದ್ದೆ. 1952ರಲ್ಲಿ ಬಂದ ತೋಟಾ ಅದು. ಸಣ್ಣ ಊರಿನ ಅಂಗಡಿಗೆ ಹೋದರೂ ಸಿಗುತ್ತದೆ. ಇಪ್ಪತ್ತರ ಪೆಟ್ಟಿಗೆಗೆ ನಾನು ಕೊಟ್ಟಿದ್ದು 30 ಡಾಲರ್. ಸೆವೆನ್ ಎಂಎಂ ಪೆಟ್ಟಿಗೆಗೆ 44. ಅದೂ ಮೂರನೇ ಅಂಗಡಿಯಲ್ಲಿ ಸಿಕ್ಕಿತು. ಇನ್ನೇನು ಯೋಚನೆ ಬೇಕು ಅನ್ನಿಸಿತ್ತು.

ಈಗ ಈ ಕ್ಲೋಸಪ್ ನೋಡಿ. ಅಂಗೈ ಮೇಲೆ ಎರಡೂ ಅಕ್ಕಪಕ್ಕ. ಅದೇ ಹಿತ್ತಾಳೆ, ಅದೇ ತಳ, ಹಿತ್ತಾಳೆ ಕಿರಿದಾಗುವ ಹೆಗಲೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ. ಮುನ್ನೂರೆಂಟರ ಕತ್ತು, ಅಂದರೆ ಗುಂಡು ಕೂರುವ ತುದಿ, ಹಿಸುಕಿದರೆ ಸೆವೆನ್ ಎಂಎಂ ಆಗುತ್ತದೆ. ರೆಮಿಂಗ್ಟನ್ 1980ರಲ್ಲಿ ಅದನ್ನೇ ಮಾರುಕಟ್ಟೆಗೆ ತಂದಿತು. ಒಂದರ ಗುಂಡು 7.82 ಮಿಲಿಮೀಟರ್ ದಪ್ಪ, ಇನ್ನೊಂದರದು 7.21. ಬರಿಗಣ್ಣಿಗೆ ವ್ಯತ್ಯಾಸ ಗೊತ್ತಾಗಬೇಕಾದರೆ ಪಕ್ಕಪಕ್ಕ ಇಡಲೇಬೇಕು. ಇದನ್ನು ನೆನಪಿಡಿ, ಆಮೇಲೆ ಬರುತ್ತೇನೆ.

ಹೊಡೆದದ್ದು ನೋಡಿದಿರಿ. ಮುನ್ನೂರೆಂಟರಲ್ಲಿ 165 ಗ್ರೇನ್ ತೂಕದ ಗುಂಡು, ಸೆವೆನ್ ಎಂಎಂನಲ್ಲಿ 140. ಭಾರ ಕಡಿಮೆ ಅಂತ ಎರಡನೆಯದು ಸೋಲುವುದಿಲ್ಲ. ಗುಂಡು ತೆಳ್ಳಗಿದೆಯಲ್ಲ, ದಪ್ಪಕ್ಕೆ ತಕ್ಕ ತೂಕ ಲೆಕ್ಕ ಹಾಕಿದರೆ ಎರಡೂ ಸರಿಸಮ. ಒಳಗೆ ಇಳಿಯುವುದರಲ್ಲಿ ಜಿಂಕೆಗೆ ಏನೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ನನ್ನ ಭುಜಕ್ಕೆ. ಎಂಟು ಪೌಂಡ್ ಕೋವಿಯಲ್ಲಿ ಮುನ್ನೂರೆಂಟು ಸಾಧು ಪ್ರಾಣಿ. ಆರೂವರೆ ಪೌಂಡಿಗೆ ಇಳಿಸಿದರೆ ಅದೇ ತೋಟಾ ಒದೆಯುತ್ತದೆ. ನನ್ನ ಲೆಕ್ಕದಲ್ಲಿ ಸೆವೆನ್ ಎಂಎಂನ ಒದೆ ಆರರಲ್ಲಿ ಒಂದು ಪಾಲು ಕಡಿಮೆ. ಕಾಗದದ ಮೇಲೆ ಅದು ಏನೂ ಅಲ್ಲ. ಹದಿನೈದು ಗುಂಡು ಹೊಡೆದ ಮೇಲೆ ಬಹಳ. ಮುನ್ನೂರೆಂಟರಲ್ಲಿ ಕೊನೆಯ ಐದಕ್ಕೆ ಕುದುರೆ (ಟ್ರಿಗರ್) ಎಳೆಯುವ ಮೊದಲೇ ನನ್ನ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಗುರಿಹಲಗೆ ನೋಡಿ, ಎಲ್ಲವೂ ಕೆಳಗೆ, ಎಡಕ್ಕೆ. ಕಾಡಿನಲ್ಲಿ ಹೀಗಾದರೆ ಹೊಟ್ಟೆಗೆ ಪೆಟ್ಟು ಬಿದ್ದ ಜಿಂಕೆ ಇಡೀ ರಾತ್ರಿ ನರಳುತ್ತದೆ. ಅದು ನನ್ನಿಂದ ಆಗಕೂಡದು.

ಕೊಡಗಿನ ನಮ್ಮ ಊರಲ್ಲಿ ಅಜ್ಜನ ಜೋಡು ನಳಿಗೆ ಕೋವಿ ಇತ್ತು, ಹನ್ನೆರಡು ಬೋರಿನದು. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಅದಕ್ಕೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ. ಆಮೇಲೆ ತೆಂಗಿನಕಾಯಿಗೆ ಗುರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆದಮೇಲೆ ನಮ್ಮಲ್ಲಿ ಬೇಟೆ ಇಲ್ಲ, ಇರಬಾರದು ಕೂಡ. ಆದರೆ ಕೋವಿ ಮನೆಯವರಲ್ಲಿ ಒಬ್ಬರ ಹಾಗೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಅಜ್ಜ ತೋಟಾ ಮುಟ್ಟುವ ಮೊದಲು ಕೈ ಒರೆಸಿಕೊಳ್ಳುತ್ತಿದ್ದರು. ಒಂದೊಂದನ್ನೂ ತಿರುಗಿಸಿ ನೋಡಿಯೇ ನಳಿಗೆಗೆ ಇಳಿಸುತ್ತಿದ್ದರು. ಇವತ್ತು ನಾನು ಮಾಡದೆ ಹೋದದ್ದು ಅದನ್ನೇ.

ಆ ಕ್ಲೋಸಪ್ ನೆನಪಿದೆಯಲ್ಲ? ಅದಕ್ಕೂ ಮೊದಲು ಇನ್ನೊಂದು ಶಾಟ್ ತೆಗೆದೆ. ಚೆಂದ ಕಾಣಲಿ ಅಂತ ಹತ್ತು ಹತ್ತು ತೋಟಾ ಸಾಲಾಗಿ ನಿಲ್ಲಿಸಿದ್ದೆ. ಗಾಳಿ ಬೀಸಿತು. ಒಂದು ಬಿತ್ತು, ಅದರ ಹಿಂದೆ ಎಲ್ಲವೂ. ಗಡಿಬಿಡಿಯಲ್ಲಿ ಬಳಿದು ಪೆಟ್ಟಿಗೆಗೆ ತುಂಬಿದೆ. ಆಮೇಲೆ ಗೆಳೆಯ ತನ್ನ ಕೋವಿಗೆ ತೋಟಾ ತುಂಬುತ್ತಿದ್ದ. ಮೂರನೆಯದನ್ನು ಎತ್ತಿದವನು ಹಾಗೇ ನಿಂತ. ತಳ ತಿರುಗಿಸಿ ನನ್ನ ಮುಖದ ಮುಂದೆ ಹಿಡಿದ. ಎಳ್ಳಿನಷ್ಟು ಸಣ್ಣ ಅಕ್ಷರ. ಸೆವೆನ್ ಎಂಎಂ.

ಮುನ್ನೂರೆಂಟರ ತೋಟಾ ಸೆವೆನ್ ಎಂಎಂ ಕೋವಿಗೆ ಹೋದರೆ ಸಾಮಾನ್ಯವಾಗಿ ಬೋಲ್ಟ್, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ಅಗುಳಿ, ಮುಚ್ಚುವುದಿಲ್ಲ, ಕತ್ತು ದಪ್ಪ. ತಿರುಗಾಮುರುಗಾ ಆದರೆ ಬೋಲ್ಟ್ ಸಲೀಸಾಗಿ ಮುಚ್ಚಿಕೊಳ್ಳುತ್ತದೆ. ಗುಂಡೂ ಹಾರುತ್ತದೆ. ನಳಿಗೆಯೊಳಗಿನ ಸುರುಳಿ ಗೀರುಗಳಿಗೆ ಅದು ಸಿಗುವುದೇ ಇಲ್ಲ, ಅಷ್ಟು ತೆಳ್ಳಗೆ. ತಿರುಗದ ಗುಂಡು ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಹೇಳಲಾರರು. ಪಕ್ಕದ ಬೆಂಚಿನಲ್ಲಿ ಒಬ್ಬರು ಮಗಳಿಗೆ ಕಲಿಸುತ್ತಿದ್ದರು. ನನಗೆ ಕೈ ನಡುಗಿತು. ಗೆಳೆಯ ಬೈಯಲಿಲ್ಲ. ನಲವತ್ತನ್ನೂ ಸುರಿದು ಒಂದೊಂದಾಗಿ ತಳ ಓದಿ ಬೇರೆ ಮಾಡಿದೆವು. ಅದನ್ನು ಶೂಟ್ ಮಾಡಲಿಲ್ಲ. ಕ್ಯಾಮೆರಾ ಹಿಡಿಯುವ ಮನಸ್ಸಿರಲಿಲ್ಲ.

ಊಟದ ಹೊತ್ತಿಗೆ ನಾನು ಮತ್ತೆ ಮುನ್ನೂರೆಂಟಿನ ಕಡೆ. ಅಕ್ಟೋಬರಿನ ಬೇಟೆಯಲ್ಲಿ ಗೆಳೆಯನೂ ನಾನೂ ಒಂದೇ ಡೇರೆಯಲ್ಲಿರುತ್ತೇವೆ. ಇಬ್ಬರದೂ ಒಂದೇ ತೋಟಾ ಆದರೆ ಗೊಂದಲವೇ ಇಲ್ಲ. ಒಬ್ಬನದು ಖಾಲಿಯಾದರೆ ಇನ್ನೊಬ್ಬನದು. ಇದು ಗಟ್ಟಿ ವಾದ, ಈಗಲೂ ಹಾಗೇ ಅನ್ನುತ್ತೇನೆ. ನಿಮ್ಮ ಭುಜ ತಡೆದರೆ ಸುಮ್ನೆ ಅದನ್ನೇ ಕೊಳ್ಳಿ.

ನನ್ನದು ತಡೆಯಲಿಲ್ಲ. ಮಧ್ಯಾಹ್ನ ಮತ್ತೆ ಐದು ಹೊಡೆದೆ, ಮತ್ತೆ ಕಣ್ಣು ಮುಚ್ಚಿತು. ಬೂದು ಕೋವಿಯಲ್ಲಿ ಐದು. ಇಗೋ ಗುರಿಹಲಗೆ, ನೂರು ಗಜ. ಐದೂ ಒಂದು ರೂಪಾಯಿ ನಾಣ್ಯದ ಸುತ್ತಮುತ್ತ. ಒಂದೇ ಡೇರೆಯ ತೊಂದರೆಗೆ ದಾರಿ ಇದೆ. ನನ್ನ ತೋಟಾಗಳ ತಳದ ಅಂಚಿಗೆ ಕೆಂಪು ಮಾರ್ಕರ್, ಅವು ನನ್ನ ಬಲ ಜೇಬು ಬಿಟ್ಟು ಬೇರೆಲ್ಲೂ ಇರುವುದಿಲ್ಲ. ಒದೆಗೆ ಅಂಥ ದಾರಿ ಇಲ್ಲ. ಇದೆ, ಭಾರದ ಕೋವಿ. ಆದರೆ ಬೆಟ್ಟ ಹತ್ತುವುದು ನಾನೇ ಅಲ್ವಾ?

ಹಾಂ, ಕೇಸರಿ ಅಂಗಿ ಯಾಕೆ ಅಂತ ಕಳೆದ ಸಲ ಒಬ್ಬರು ಕೇಳಿದ್ದರು. ಇಲ್ಲಿ ರೈಫಲ್ ಸೀಸನ್ನಿನಲ್ಲಿ ಹೊಳೆಯುವ ಕೇಸರಿ ಅಥವಾ ಗುಲಾಬಿ ಬಣ್ಣ ಹಾಕಲೇಬೇಕು, 500 ಚದರ ಇಂಚು, ಟೋಪಿಯೂ ಸೇರಿ. ಟೋಪಿ ಇನ್ನೂ ಕೊಂಡಿಲ್ಲ.

ರೇಂಜಿನವರು ಗಂಟೆ ಹೊಡೆದರು, ಮುಚ್ಚುವ ಹೊತ್ತು. ಗೆಳೆಯ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದಾನೆ, ಊರಿನ ಪುಡಿಯದು. ನಾಳೆ ಹತ್ತಕ್ಕೆ ಅಂಗಡಿ ತೆರೆಯುತ್ತದೆ. ಸೆವೆನ್ ಎಂಎಂ ಕೋವಿ ಒಂದೇ ಉಳಿದಿದೆ ಅಂತ ಫೋನಿನಲ್ಲಿ ಹೇಳಿದ್ದಾರೆ. ಕೆಂಪು ಮಾರ್ಕರನ್ನು ಹೋಗುವ ದಾರಿಯಲ್ಲೇ ತೆಗೆದುಕೊಳ್ಳುತ್ತೇನೆ.