ಮರವಿಲ್ಲದ ಕಡೆಯೂ ಹ್ಯಾಮಕ್

ಕೇಳುಗರೇ, ನಮಸ್ಕಾರ. ಕಾರಿನಲ್ಲಿ ಕ್ಯಾಂಪಿಂಗ್ ಹೋದಾಗ ಹ್ಯಾಮಕ್, ಅಂದರೆ ಎರಡು ತುದಿ ಕಟ್ಟಿ ಮಲಗುವ ತೂಗುಹಾಸಿಗೆ, ಕಟ್ಟಲು ಎರಡು ಗಟ್ಟಿ ಮರ, ಅದೂ ಸರಿಯಾದ ದೂರದಲ್ಲಿ, ಸಿಗಬೇಕಲ್ವಾ? ಎಲ್ಲ ಕಡೆ ಸಿಗುವುದಿಲ್ಲ. ಬಿಚ್ಚಿ ಡಿಕ್ಕಿಗೆ ಹಾಕಿಕೊಳ್ಳುವಂಥ ಸ್ಟ್ಯಾಂಡನ್ನು ನಾವೇ ಮಾಡಿಕೊಳ್ಳಬಹುದು.

ಎರಡು ಮುಕ್ಕಾಲಿ, ಅವುಗಳ ತಲೆಯ ನಡುವೆ ಅಡ್ಡಲಾಗಿ ಒಂದು ಕಬ್ಬಿಣದ ಪೈಪು. ಇಷ್ಟೇ. ನಾವು ಮಲಗಿದಾಗ ಹ್ಯಾಮಕ್‌ನ ಹಗ್ಗಗಳು ಎರಡೂ ಮುಕ್ಕಾಲಿಯ ತಲೆಯನ್ನು ಒಳಕ್ಕೆ ಎಳೆಯುತ್ತವೆ. ಆ ಎಳೆತಕ್ಕೆ ಎದುರು ನಿಲ್ಲುವುದು ಅಡ್ಡ ಪೈಪು. ಅದಿಲ್ಲದಿದ್ದರೆ ಮುಕ್ಕಾಲಿಗಳು ಒಳಕ್ಕೆ ವಾಲಿ ಬೀಳುತ್ತವೆ. ಅದಿದ್ದರೆ ನೆಲಕ್ಕೆ ಗೂಟ ಹೊಡೆಯುವುದೂ ಬೇಡ.

ಇನ್ನು ಹಗ್ಗದ ಓರೆ. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಮಲಗಿದಾಗ ಹಗ್ಗ ನೆಲಮಟ್ಟಕ್ಕೆ 30 ಡಿಗ್ರಿ ಓರೆಯಲ್ಲಿರಲಿ. ಆಗ 70 ಕೆಜಿಯವರು ಮಲಗಿದರೆ ಒಂದೊಂದು ಹಗ್ಗದ ಮೇಲೂ 70 ಕೆಜಿಯಷ್ಟೇ ಎಳೆತ. ನೆಟ್ಟಗೆ ಕಾಣಲಿ ಅಂತ ಬಿಗಿದು 10 ಡಿಗ್ರಿಗೆ ತಂದರೆ ಅದೇ ಎಳೆತ 200 ಕೆಜಿ ದಾಟುತ್ತದೆ. ಪೈಪು ಬಾಗುವುದು, ಹಗ್ಗ ಹರಿಯುವುದು ಇಂಥ ಬಿಗಿತದಿಂದಲೇ. ಸಡಿಲ ಬಿಟ್ಟರೆ ಬೆನ್ನು ಬಾಗುತ್ತದಲ್ಲಾ ಅಂತೀರಾ? ಹ್ಯಾಮಕ್‌ನ ಉದ್ದಕ್ಕೆ ನೇರವಾಗಿ ಅಲ್ಲ, ಸ್ವಲ್ಪ ಓರೆಯಾಗಿ ಮಲಗಿ ನೋಡಿ, ಬೆನ್ನು ಚಪ್ಪಟೆಯಾಗಿ ನಿಲ್ಲುತ್ತದೆ. 11 ಅಡಿಯ ಹ್ಯಾಮಕ್ಕಾದರೆ ಅದರ ಎರಡು ತುದಿಗಳ ನಡುವೆ ಸುಮಾರು 9 ಅಡಿಯ ದಾರ ಕಟ್ಟಿಡಿ, ಎಷ್ಟು ಜೋತು ಬೀಳಬೇಕೋ ಪ್ರತಿ ಸಲವೂ ಅಷ್ಟೇ ಬೀಳುತ್ತದೆ.

ಹಾಗಾಗಿ, ತುದಿಯ ಹಗ್ಗಗಳಿಗೂ ಜಾಗ ಬಿಟ್ಟು, ಪೈಪು 10 ಅಡಿ ಬೇಕು. ಅಷ್ಟುದ್ದ ಕಾರಿನೊಳಗೆ ಹಿಡಿಸುವುದಿಲ್ಲ, ಮೂರು ತುಂಡು ಮಾಡಿ. ಸೇರುವಲ್ಲಿ ಒಳಗೊಂದು ಸಣ್ಣ ಪೈಪು ತೂರಿಸಿ, ಎರಡೂ ಕಡೆ ಒಂದೊಂದು ಗೇಣಾದರೂ ಒಳಗಿರಲಿ. ಕೈಯಲ್ಲಿ ಅಲ್ಲಾಡಿಸಿ ನೋಡಿ. ಲೊಡಲೊಡ ಅಂದರೆ ಆ ಜೋಡಣೆ ಬೇಡ, ಭಾರ ಬಿದ್ದಾಗ ಪೈಪು ಮೊದಲು ಮಡಚುವುದು ಅಲ್ಲೇ.

ಕಾಲುಗಳಿಗೆ ಗಂಟಿಲ್ಲದ, ನೇರವಾದ ಮರ ಸಾಕು. ಸುಮಾರು 6 ಅಡಿ ಉದ್ದವಿದ್ದರೆ ಹಿಂದಿನ ಸೀಟು ಮಡಚಿ ಇಡಬಹುದು. ಕಾಲುಗಳು ಜಾರದ ಹಾಗೆ ಬುಡಗಳನ್ನು ಹಗ್ಗದಿಂದ ಬಿಗಿಯಿರಿ. ನುಣುಪು ನೆಲದಲ್ಲಿ ಇದನ್ನು ಮರೆಯಲೇಬೇಡಿ.

ಮೊದಲ ಸಲ ಸುಮ್ನೆ ಹಾರಿ ಮಲಗಬೇಡಿ. ಕುರ್ಚಿಯಷ್ಟು ಎತ್ತರಕ್ಕೆ ಕಟ್ಟಿ, ಮೆಲ್ಲಗೆ ಕುಳಿತುಕೊಳ್ಳಿ. ಜೊತೆಯವರೊಬ್ಬರು ಪಕ್ಕಕ್ಕೆ ನಿಂತು, ಪೈಪಿನ ತುದಿಯಿಂದ ಒಂದು ಕಣ್ಣು ಮುಚ್ಚಿ ನೋಡಲಿ. ಸ್ವಲ್ಪ ಬಾಗಿದ್ದು ಕಂಡರೂ ಎದ್ದುಬಿಡಿ, ಇನ್ನೂ ದಪ್ಪ ಪೈಪು ಹಾಕಿ. ನಮಸ್ಕಾರ.